ಸುಂಕ ಇಳಿಯಿತು ಅಂತಾರೆ, ನಮ್ಮ ದ್ರಾಕ್ಷಿ ಯಾಕೆ ಗಡಿ ದಾಟುತ್ತಿಲ್ಲ?

ತಿಕೋಟಾ ಬಳ್ಳಿ

ಎಲ್ಲರಿಗೂ ನಮಸ್ಕಾರ. ರಫ್ತಿನ ವ್ಯವಹಾರ ತಿಳಿದವರು ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ನಮ್ಮದು ತಿಕೋಟಾ ಕಡೆ ಎರಡೂವರೆ ಎಕರೆ ದ್ರಾಕ್ಷಿ, ಥಾಮ್ಸನ್ ತಳಿ. ಇಲ್ಲಿಯವರೆಗೆ ಒಣದ್ರಾಕ್ಷಿ ಮಾಡಿ ವಿಜಯಪುರಕ್ಕೋ ತಾಸಗಾಂವಿಗೋ ಕಳಿಸುತ್ತಿದ್ದೆವು. ಈ ಸಲ ಒಬ್ಬ ರಫ್ತುದಾರರು ತೋಟ ನೋಡಿ ದರ ಮಾತಾಡಿದರು. ಪ್ಲಾಟ್ ನೋಂದಣಿ ಆಯಿತು. ಲ್ಯಾಬ್‌ನವರು ಬಂದು ಗೊನೆ ಕತ್ತರಿಸಿ ಸ್ಯಾಂಪಲ್ ಒಯ್ದರು. ವರದಿ ಬಂತು, ಫೇಲ್. ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ಕಿಲೋಗೆ 0.03 ಮಿಲಿಗ್ರಾಂ ಇದೆಯಂತೆ, ಮಿತಿ 0.01. ಆ ಔಷಧಿಯನ್ನು ನಾವು ಬಳ್ಳಿಗೆ ಹೊಡೆದೇ ಇಲ್ಲ. ಬದುವಿನಾಚೆ ಗೋವಿನಜೋಳ ಇದೆ. ಅವರು ಹೊಡೆದದ್ದು ಗಾಳಿಯಲ್ಲಿ ಬಂದಿರಬೇಕು. ರಫ್ತುದಾರರು ಆಮೇಲೆ ಫೋನೇ ಎತ್ತಲಿಲ್ಲ.

ಬ್ರಿಟನ್ ಜೊತೆ 2025ರ ಜುಲೈ 24ಕ್ಕೆ ಒಪ್ಪಂದಕ್ಕೆ ಸಹಿ ಆಯಿತು, ನಮ್ಮ ಹೆಚ್ಚುಕಡಿಮೆ ಎಲ್ಲ ಮಾಲಿಗೂ ಸುಂಕ ಸೊನ್ನೆ ಅಂತ ಪೇಪರ್‌ನಲ್ಲಿ ಓದಿದ್ದೆ. ಸುಂಕ ಸೊನ್ನೆ ಆದ ಮೇಲೂ ಬಾಗಿಲು ಮುಚ್ಚೇ ಇದ್ದರೆ ಏನು ಉಪಯೋಗ? ಈ 0.01 ಅನ್ನೋದು ನಿಜವಾಗಿ ಆರೋಗ್ಯಕ್ಕೆ ಇಟ್ಟ ಮಿತಿಯೋ, ನಮ್ಮ ಮಾಲು ಬರಬಾರದು ಅಂತ ಹಾಕಿದ ಬೇಲಿಯೋ?

ಜಮಖಂಡಿ ಖಡಕ್

ಬೇಲಿ ಅಲ್ಲದೆ ಮತ್ತೇನು ರೀ? ತಮ್ಮ ಅಂಗಡಿಯಲ್ಲಿ ಹಣ್ಣು ಖಾಲಿ ಇದ್ದಾಗ ಒಂದು ಕಣ್ಣು, ತುಂಬಿದ್ದಾಗ ಇನ್ನೊಂದು ಕಣ್ಣು. 2010ರಲ್ಲಿ ಏನಾಯಿತು ನೆನಪಿಲ್ವಾ? ಹಡಗು ಹತ್ತಿದ ದ್ರಾಕ್ಷಿ ಯುರೋಪಿನ ಬಂದರಲ್ಲಿ ನಿಂತಿತು. ಯಾವುದೋ ಒಂದು ಕೆಮಿಕಲ್ ಹೆಸರು ಹೇಳಿದರು, ಮುಗೀತು. ರೈತ ಮನೆ ಮಾರಿಕೊಂಡ. ಇದೆಲ್ಲ ಬಿಳಿ ಕಾಲರ್ ದರೋಡೆ.

ಪ್ಯಾಕ್‌ಹೌಸ್ ಕಾಕಾ

ಖಡಕ್ ಅವರೇ, ನಿಮ್ಮ ಸಿಟ್ಟು ಸುಳ್ಳಲ್ಲ. ಆದರೆ 2010ರದು ಬೇರೆ, ಈ ತಮ್ಮನ ತೋಟದ್ದು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ನಾನು ಸಾಂಗ್ಲಿ ಕಡೆಯ ಪ್ಯಾಕ್‌ಹೌಸ್‌ಗಳಲ್ಲಿ ಕೆಲಸ ಮಾಡಿದವನು. ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

2010ರ ಕೆಮಿಕಲ್ ಕ್ಲೋರ್ಮೆಕ್ವಾಟ್ ಕ್ಲೋರೈಡ್. ನಮ್ಮವರು ಲಿಹೋಸಿನ್ ಅನ್ನುತ್ತಾರೆ. ಬಳ್ಳಿಯ ಹುಚ್ಚು ಬೆಳವಣಿಗೆ ತಡೆದು ಕಾಯಿಕಡ್ಡಿ ಬರಲಿ ಅಂತ ಹೊಡೆಯುವ ಔಷಧಿ ಅದು. ಹುಳಕ್ಕಲ್ಲ, ರೋಗಕ್ಕಲ್ಲ. ದ್ರಾಕ್ಷಿಗೆ ಯುರೋಪಿನ ಮಿತಿ ಕಿಲೋಗೆ 0.05 ಮಿಲಿಗ್ರಾಂ ಇತ್ತು. ಆ ವರ್ಷ ನಮ್ಮ ಕಡೆಯ ಪರೀಕ್ಷಾ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಇಲ್ಲಿ ಪಾಸಾದ ಮಾಲು ಅಲ್ಲಿ ಫೇಲ್ ಆಯಿತು.

ಈಗ ಮಜಾ ಕೇಳಿ. ಅದೇ ಕ್ಲೋರ್ಮೆಕ್ವಾಟನ್ನು ಯುರೋಪಿನ ರೈತರು ಗೋಧಿಗೆ ಹೊಡೆಯುತ್ತಾರೆ. ದಂಟು ಗಿಡ್ಡ ಇರಲಿ, ಮಳೆಗಾಳಿಗೆ ಪೈರು ಮಲಗದಿರಲಿ ಅಂತ. ಹಾಗಾಗಿ ಗೋಧಿಗೆ ಅವರ ಮಿತಿ ದ್ರಾಕ್ಷಿಗಿಂತ ಎಷ್ಟೋ ಪಟ್ಟು ಜಾಸ್ತಿ. ದಿನಾ ತಿನ್ನುವ ಬ್ರೆಡ್ಡಿನ ಗೋಧಿಗೆ ಜಾಸ್ತಿ, ಯಾವಾಗಲೋ ತಿನ್ನುವ ದ್ರಾಕ್ಷಿಗೆ ಕಡಿಮೆ! ಯಾಕೆ ಅಂದರೆ ಈ ಮಿತಿ ಇಡುವುದು ಎಷ್ಟು ತಿಂದರೆ ವಿಷ ಅನ್ನೋ ಲೆಕ್ಕದ ಮೇಲೆ ಮಾತ್ರ ಅಲ್ಲ. ಆ ಬೆಳೆಗೆ ಸರಿಯಾಗಿ ಬಳಸಿದರೆ ಎಷ್ಟು ಉಳಿಯುತ್ತದೆ ಅನ್ನೋದನ್ನು ನೋಡಿ ಇಡುತ್ತಾರೆ. ಅವರ ದ್ರಾಕ್ಷಿ ಬೆಳೆಗಾರರಿಗೆ ಲಿಹೋಸಿನ್ ಬೇಕಾಗಿಲ್ಲ. ಹಾಗಾಗಿ ದ್ರಾಕ್ಷಿಗೆ ದೊಡ್ಡ ಮಿತಿ ಕೇಳುವವರೇ ಅಲ್ಲಿ ಇರಲಿಲ್ಲ. ನಮ್ಮವರಿಗೆ ಬೇಕಿತ್ತು, ನಮ್ಮವರು ಯಾರೂ ಕೇಳಲಿಲ್ಲ.

ಈ ತಮ್ಮನ ಕ್ಲೋರ್‌ಪೈರಿಫಾಸ್ ಕಥೆ ಹಾಗಲ್ಲ. 2020ರ ಜನವರಿಯಲ್ಲಿ ಯುರೋಪ್ ಅದರ ಪರವಾನಗಿ ನವೀಕರಿಸಲಿಲ್ಲ. ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುವ ಆತಂಕ ಇದೆ ಅಂತ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿತ್ತು. ಅದೇ ವರ್ಷದ ನವೆಂಬರ್‌ನಿಂದ ಮಿತಿ 0.01ಕ್ಕೆ ಇಳಿಯಿತು. ಅವರ ರೈತನೂ ಇವತ್ತು ಅದನ್ನು ಮುಟ್ಟುವ ಹಾಗಿಲ್ಲ. ಇದನ್ನು ದರೋಡೆ ಅಂದರೆ ನಾನು ಒಪ್ಪಲ್ಲ.

0.01 ಅಂದರೆ ಎಷ್ಟು ಗೊತ್ತಾ? 100 ಟನ್ ದ್ರಾಕ್ಷಿಯಲ್ಲಿ 1 ಗ್ರಾಂ. ಏಳೆಂಟು ಕಂಟೇನರ್ ಮಾಲು ಬೇಕು ಆ ಒಂದು ಗ್ರಾಂಗೆ. ಲ್ಯಾಬ್ ಮಷಿನ್ ನಂಬಿಕೆಯಿಂದ ಅಳೆದು ಹೇಳಬಹುದಾದ ಅಂಚು ಹೆಚ್ಚುಕಡಿಮೆ ಅಷ್ಟೇ. ಯಾವ ಔಷಧಿಗೆ ಯುರೋಪಿನಲ್ಲಿ ಬೇರೆ ಮಿತಿ ಇಟ್ಟಿಲ್ಲವೋ ಅದಕ್ಕೆಲ್ಲ ತಾನಾಗಿಯೇ 0.01 ಅನ್ವಯ ಆಗುತ್ತದೆ. ಅಂದರೆ ಅದು ವಿಷದ ಅಳತೆ ಅಲ್ಲ, "ಇರಲೇಬಾರದು" ಅನ್ನೋದನ್ನು ಅಂಕಿಯಲ್ಲಿ ಬರೆದದ್ದು.

ತಮ್ಮಾ, ಎರಡು ಪ್ರಶ್ನೆ. ಔಷಧಿ ಹೊಡೆಯುವ ಬ್ಲೋವರ್ ನಿಮ್ಮದೋ ಬಾಡಿಗೆದೋ? ಸ್ಯಾಂಪಲ್ ತೆಗೆದಾಗ ಬದುವಿನ ಸಾಲಿನ ಗೊನೆಯನ್ನೂ ಕೊಯ್ದರಾ?

ತಿಕೋಟಾ ಬಳ್ಳಿ

ಬ್ಲೋವರ್ ಸ್ವಂತದ್ದು ಕಾಕಾ, ದ್ರಾಕ್ಷಿಗೆ ಬಿಟ್ಟು ಬೇರೆ ಯಾವುದಕ್ಕೂ ಕೊಡಲ್ಲ. ಸ್ಯಾಂಪಲ್ ಮಾತ್ರ ಇಡೀ ತೋಟ ಸುತ್ತಿ ತೆಗೆದರು. ಬದುವಿನ ಸಾಲೂ ಸೇರಿತ್ತು. ಎಲ್ಲ ಗೊನೆ ಒಂದೇ ಚೀಲಕ್ಕೆ ಹಾಕಿ ಸೀಲ್ ಮಾಡಿದರು.

ಪ್ಯಾಕ್‌ಹೌಸ್ ಕಾಕಾ

ಹಾಗಾದರೆ ಎರಡು ಸಾಲಿನ ಪಾಪ ಇಡೀ ತೋಟಕ್ಕೆ ಅಂಟಿದೆ. ಇದಕ್ಕೆ ಆಮೇಲೆ ಬರುತ್ತೇನೆ.

ಎಕನಾಮಿಕ್ಸ್ ಮೇಡಂ, ಬೆಳಗಾವಿ

ಕಾಕಾ ಹೇಳಿದ ಗೋಧಿ–ದ್ರಾಕ್ಷಿ ವ್ಯತ್ಯಾಸವನ್ನು ನಾನು ನಾಳೆಯೇ ಕ್ಲಾಸಲ್ಲಿ ಹೇಳುತ್ತೇನೆ. ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಸಿಗಲ್ಲ.

ಸುಂಕ ಬಿಟ್ಟು ವ್ಯಾಪಾರಕ್ಕೆ ಅಡ್ಡ ಬರುವ ಎಲ್ಲವನ್ನೂ ಸುಂಕೇತರ ಕ್ರಮ ಅನ್ನುತ್ತಾರೆ. ಕೋಟಾ, ಲೈಸೆನ್ಸ್, ಗುಣಮಟ್ಟದ ಮುದ್ರೆ, ಲೇಬಲ್, ಲ್ಯಾಬ್ ವರದಿ, ಸಸ್ಯ ಆರೋಗ್ಯ ಪ್ರಮಾಣಪತ್ರ, ಬಂದರಿನ ತಪಾಸಣೆ ಎಲ್ಲವೂ ಇದರಲ್ಲಿ ಬರುತ್ತವೆ. ವಿಶ್ವಸಂಸ್ಥೆಯವರು ಇವನ್ನು 16 ಅಧ್ಯಾಯ ಮಾಡಿ ಹಂಚಿದ್ದಾರೆ, ಅಷ್ಟು ವಿಧ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ, ಅಂದರೆ ಡಬ್ಲ್ಯುಟಿಒ, ಶುರುವಾದಾಗ ಆಹಾರ, ಗಿಡ, ಪ್ರಾಣಿಗಳ ಆರೋಗ್ಯದ ನಿಯಮಕ್ಕೆ ಒಂದು ಒಪ್ಪಂದ, ಉಳಿದ ಗುಣಮಟ್ಟದ ನಿಯಮಕ್ಕೆ ಇನ್ನೊಂದು ಒಪ್ಪಂದ ಆಯಿತು. ಆಹಾರದ ಒಪ್ಪಂದ ಹೇಳುವುದು ಇಷ್ಟು: ಎಷ್ಟು ಬಿಗಿ ನಿಯಮ ಬೇಕಾದರೂ ಮಾಡಿಕೊಳ್ಳಿ, ಆದರೆ ಅದಕ್ಕೆ ವಿಜ್ಞಾನದ ಆಧಾರ ಇರಲಿ, ನಿಮ್ಮವರಿಗೊಂದು ಹೊರಗಿನವರಿಗೊಂದು ಮಾಡಬೇಡಿ.

ಬೇಲಿಯೋ ಅಲ್ಲವೋ ಅಂತ ನೋಡಲು ನಾನು ಮೊದಲು ಕೇಳುವುದು, ಅವರ ರೈತನಿಗೂ ಅದೇ ನಿಯಮವಾ ಅಂತ. ಕ್ಲೋರ್‌ಪೈರಿಫಾಸ್ ಈ ಪರೀಕ್ಷೆಯಲ್ಲಿ ಪಾಸ್. ಕ್ಲೋರ್ಮೆಕ್ವಾಟ್ ಕಾಗದದ ಮೇಲೆ ಪಾಸ್, ಆದರೆ ಕಚ್ಚಿದ್ದು ನಮ್ಮನ್ನು ಮಾತ್ರ.

ಶುದ್ಧ ಬೇಲಿ ಹೇಗಿರುತ್ತದೆ ನೋಡಬೇಕಾ? 1982ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಒಂದು ಆದೇಶ ಹೊರಡಿಸಿತು. ಹೊರಗಿನಿಂದ ಬರುವ ವಿಡಿಯೋ ರೆಕಾರ್ಡರ್ ಎಲ್ಲವೂ ಪ್ವಾತಿಯೇ ಅನ್ನೋ ಊರಿನ ಕಸ್ಟಮ್ಸ್ ಕಚೇರಿಯಲ್ಲೇ ತಪಾಸಣೆ ಆಗಬೇಕು ಅಂತ. ಆ ಊರು ಸಮುದ್ರದಿಂದ ದೂರ, ಕಚೇರಿ ಚಿಕ್ಕದು, ಸಿಬ್ಬಂದಿ ಬೆರಳೆಣಿಕೆ. ಮುಂಬೈ ಬಂದರಿಗೆ ಬಂದ ಟಿವಿಗಳನ್ನೆಲ್ಲ ಸಿಂದಗಿಗೆ ಒಯ್ದು ಒಂದೊಂದೇ ಪೆಟ್ಟಿಗೆ ಬಿಚ್ಚಿಸಿ ಅಂದ ಹಾಗೆ. ಸುಂಕ ಒಂದು ಪೈಸೆ ಏರಿಸಲಿಲ್ಲ, ಜಪಾನಿನ ಮಾಲು ಗೋದಾಮಿನಲ್ಲೇ ಕೊಳೆಯಿತು. ಕೊನೆಗೆ ಜಪಾನ್ ತಾನೇ ಯುರೋಪಿಗೆ ಕಡಿಮೆ ಕಳಿಸುತ್ತೇನೆ ಅಂತ ಒಪ್ಪಿಕೊಂಡಿತು.

ಆದರೆ ನಾವೇನು ಸಾಚಾ ಅಂದುಕೊಳ್ಳಬೇಡಿ. ಹಕ್ಕಿ ಜ್ವರದ ಹೆಸರಲ್ಲಿ ಅಮೆರಿಕದ ಕೋಳಿ ತಡೆದಿದ್ದಕ್ಕೆ ಅವರು ಡಬ್ಲ್ಯುಟಿಒಗೆ ಹೋದರು. 2015ರಲ್ಲಿ ಮೇಲ್ಮನವಿಯಲ್ಲೂ ನಾವು ಸೋತೆವು. ಅಪಾಯ ಎಷ್ಟು ಅಂತ ನಾವು ಅಧ್ಯಯನವನ್ನೇ ಮಾಡಿರಲಿಲ್ಲ. ಹಾಗೆಯೇ ಅವರ ಹಾಲಿನ ಪದಾರ್ಥ ಇಲ್ಲಿ ಬರಬೇಕಾದರೆ, ಆ ಹಸುಗಳಿಗೆ ರಕ್ತ, ಮಾಂಸದ ಪುಡಿ ತಿನ್ನಿಸಿಲ್ಲ ಅಂತ ಪ್ರಮಾಣಪತ್ರ ಕೇಳುತ್ತೇವೆ. ನಮಗೆ ಅದು ಧರ್ಮದ ಮಾತು. ಅವರ ವ್ಯಾಪಾರ ಇಲಾಖೆಗೆ ಅದು ಬೇಲಿ. ಯಾರ ಹಿತ್ತಿಲಲ್ಲಿ ನಿಂತು ನೋಡುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ.

ಜಮಖಂಡಿ ಖಡಕ್

ಹಸುವಿಗೆ ಮಾಂಸ ತಿನ್ನಿಸಿದ ಹಾಲು ಬೇಡ ಅನ್ನೋದು ಬೇಲಿನಾ ಮೇಡಂ? ಇದು ಬಿಡಿ, ನಿಮ್ಮ ಜೊತೆ ಜಗಳಕ್ಕೆ ಇನ್ನೊಂದು ಸಲ ಬರುತ್ತೇನೆ. ಪ್ವಾತಿಯೇ ಕಥೆ ಮಾತ್ರ ಭಾರಿ ಇದೆ.

ಉದ್ಯಮಬಾಗ್ ಎರಕ

ದ್ರಾಕ್ಷಿಯವರು ಒಬ್ಬರೇ ಅಳಬೇಡಿ, ನಾವೂ ಇದ್ದೇವೆ. ಬೆಳಗಾವಿಯಲ್ಲಿ ಸಣ್ಣ ಫೌಂಡ್ರಿ. ಪಂಪ್, ವಾಲ್ವ್ ಬಿಡಿಭಾಗಗಳ ಎರಕ ಮಾಡುತ್ತೇವೆ, ಒಂದಿಷ್ಟು ಜರ್ಮನಿಗೆ ಹೋಗುತ್ತದೆ.

ಯುರೋಪಿನವರು ಕಾರ್ಬನ್ ಗಡಿ ತೆರಿಗೆ ಅಂತ ತಂದಿದ್ದಾರೆ, ಮಾಲು ಮಾಡುವಾಗ ಬಿಟ್ಟ ಹೊಗೆಯ ಲೆಕ್ಕದ ಮೇಲೆ. 2023ರ ಅಕ್ಟೋಬರ್‌ನಿಂದ ಬರೀ ಲೆಕ್ಕ ಕೊಡುವುದಿತ್ತು. 2026ರ ಜನವರಿಯಿಂದ ದುಡ್ಡಿನ ಲೆಕ್ಕ ಶುರು. ಕಬ್ಬಿಣ–ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ಗೊಬ್ಬರ, ವಿದ್ಯುತ್, ಹೈಡ್ರೋಜನ್ ಇದರಲ್ಲಿ ಬರುತ್ತವೆ. ಪಂಪ್–ವಾಲ್ವ್ ಕೋಡಿನ ಮಾಲು ಈ ಪಟ್ಟಿಯಲ್ಲಿ ಇಲ್ಲ. ವರ್ಷಕ್ಕೆ 50 ಟನ್ ಒಳಗೆ ತರಿಸುವ ಆಮದುದಾರನಿಗೆ ವಿನಾಯಿತಿಯೂ ಇದೆ. ಹಾಗಾದರೆ ನಿಮಗೇನು ತೊಂದರೆ ಅಂತೀರಾ?

ತೊಂದರೆ ಏನಂದರೆ ಗಿರಾಕಿ ಕೇಳುತ್ತಾನೆ. ಕಾನೂನು ಕೇಳಲ್ಲ, ಗಿರಾಕಿ ಕೇಳುತ್ತಾನೆ. ಒಂದು ಎಕ್ಸೆಲ್ ಹಾಳೆ ಕಳಿಸಿದ. ಒಂದು ಟನ್ ಎರಕಕ್ಕೆ ಎಷ್ಟು ಯುನಿಟ್ ಕರೆಂಟ್, ಆ ಕರೆಂಟ್ ಕಲ್ಲಿದ್ದಲಿನದೋ ಗಾಳಿಯದೋ, ಪಿಗ್ ಐರನ್ (ಕಚ್ಚಾ ಕಬ್ಬಿಣ) ಯಾವ ಕಾರ್ಖಾನೆಯದು, ಅವರ ಹೊಗೆ ಎಷ್ಟು, ಎಲ್ಲ ತುಂಬಬೇಕು. ನಮಗೆ ಪಿಗ್ ಐರನ್ ಕೊಡುವ ಏಜೆಂಟರಿಗೆ ಫೋನ್ ಮಾಡಿ ನಿಮ್ಮ ಕಾರ್ಬನ್ ಎಷ್ಟು ಅಂತ ಕೇಳಿದೆ. "ಕಾರ್ಬನ್ ನಾಲ್ಕು ಪರ್ಸೆಂಟ್ ಇದೆ ಸಾಹೇಬ್ರೇ, ಒಳ್ಳೆ ಮಾಲು" ಅಂದರು. ನಾನು ಕೇಳಿದ್ದು ಹೊಗೆ, ಅವರು ಹೇಳಿದ್ದು ಕಬ್ಬಿಣದೊಳಗಿನ ಕಾರ್ಬನ್. ತಪ್ಪು ಅವರದಲ್ಲ ಬಿಡಿ, ಇಷ್ಟು ವರ್ಷ ಯಾರಾದರೂ ಕೇಳಿದ್ದರಾ?

ದೊಡ್ಡ ಕಂಪನಿಯಲ್ಲಿ ಇದಕ್ಕೆಂದೇ ಒಂದು ಡಿಪಾರ್ಟ್‌ಮೆಂಟ್ ಇರುತ್ತದೆ. ನಮ್ಮಲ್ಲಿ ಜಿಎಸ್‌ಟಿ ಫೈಲ್ ಮಾಡುವ ಹುಡುಗನೇ ಇದನ್ನೂ ಮಾಡಬೇಕು. ಮಾಲು ಕೆಟ್ಟದ್ದು ಅಂತ ಯಾರೂ ಹೇಳಿಲ್ಲ. ಒಳ್ಳೆಯದು ಅಂತ ಕಾಗದದಲ್ಲಿ ತೋರಿಸುವ ಖರ್ಚೇ ನಮ್ಮನ್ನು ಮುಗಿಸುತ್ತದೆ.

ಎಕನಾಮಿಕ್ಸ್ ಮೇಡಂ, ಬೆಳಗಾವಿ

ಎರಕದವರ ಕೊನೆಯ ಮಾತಿಗೆ ನನ್ನ ವೋಟು. ಸುಂಕ ಮಾಲಿನ ಬೆಲೆಯ ಮೇಲೆ ಬೀಳುತ್ತದೆ. ಹತ್ತು ಲಕ್ಷದ ಮಾಲಿಗೆ ಹತ್ತು ಲಕ್ಷದ ಲೆಕ್ಕ, ಕೋಟಿಯ ಮಾಲಿಗೆ ಕೋಟಿಯ ಲೆಕ್ಕ. ಲ್ಯಾಬ್ ಫೀ, ಪ್ರಮಾಣಪತ್ರ, ಆಡಿಟ್ ಹಾಗಲ್ಲ. ಎರಡು ಎಕರೆಯವನಿಗೂ ಇನ್ನೂರು ಎಕರೆಯವನಿಗೂ ಒಂದು ವರದಿಯ ಫೀ ಒಂದೇ. ಸುಂಕ ಎಲ್ಲರನ್ನೂ ಒಂದೇ ಅಳತೆಯಲ್ಲಿ ಹಿಂಡುತ್ತದೆ, ಪುರಾವೆಯ ಖರ್ಚು ಸಣ್ಣವನನ್ನು ಜಾಸ್ತಿ ಹಿಂಡುತ್ತದೆ. ಒಪ್ಪಂದದಲ್ಲಿ ಸುಂಕ ಸೊನ್ನೆ ಆದಾಗ ಅದರ ಲಾಭ ಮೊದಲು ಹೋಗುವುದು ಪುರಾವೆ ಕೊಡಲು ತಾಕತ್ತಿದ್ದವರಿಗೆ.

ಅಥಣಿ ಕಾಪ್ಶಿ

ನಮ್ಮದು ಚಪ್ಪಲಿ ಕಸುಬು. ಕೊಲ್ಹಾಪುರಿ ಅಂತ ಹೆಸರು, ಹೊಲಿಯುವ ಕೈ ಅಥಣಿ, ನಿಪ್ಪಾಣಿಯದು. 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಮುದ್ರೆ, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಯ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವನ್ನೂ ಸೇರಿಸಿದರು. 2025ರಲ್ಲಿ ಇಟಲಿಯ ಪ್ರಾದಾ ಕಂಪನಿ ನಮ್ಮ ಚಪ್ಪಲಿಯನ್ನೇ ಹೋಲುವ ಜೋಡು ಫ್ಯಾಷನ್ ಶೋನಲ್ಲಿ ತೋರಿಸಿ ಗಲಾಟೆ ಆದದ್ದು ಎಲ್ಲರಿಗೂ ಗೊತ್ತು.

ಯುರೋಪಿನ ನಿಯಮದ ಪ್ರಕಾರ ಮೈಗೆ ತಾಗುವ ಚರ್ಮದಲ್ಲಿ ಕ್ರೋಮಿಯಂ ಆರು ಅನ್ನೋದು ಕಿಲೋಗೆ 3 ಮಿಲಿಗ್ರಾಂ ದಾಟಬಾರದು. 2015ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಕ್ರೋಮ್ ಹಾಕಿ ಹದ ಮಾಡಿದ ಚರ್ಮದಲ್ಲಿ ಅದು ಹುಟ್ಟಿಕೊಳ್ಳುತ್ತದೆ, ಕೆಲವರಿಗೆ ಮೈ ಕೆರೆತ ಬರುತ್ತದೆ. ನಿಯಮ ಸರಿಯಾದದ್ದೇ. ಆದರೆ ನಮ್ಮ ಹಳೆ ಪದ್ಧತಿಯಲ್ಲಿ ಕ್ರೋಮ್ ಇಲ್ಲವೇ ಇಲ್ಲ. ಜಾಲಿ ತೊಗಟೆ, ಅಳಲೆಕಾಯಿ. ಚರ್ಮವನ್ನು ಚೀಲದ ಹಾಗೆ ಹೊಲಿದು, ಒಳಗೆ ಆ ಒಗರು ನೀರು ತುಂಬಿ ತೂಗು ಹಾಕುತ್ತಾರೆ. ಹನಿ ಹನಿ ಇಳಿದು ಚರ್ಮ ಹದಕ್ಕೆ ಬರುತ್ತದೆ. ಇದರಲ್ಲಿ ಕ್ರೋಮ್ ಎಲ್ಲಿಂದ ಬರಬೇಕು?

ಇದನ್ನು ಗಿರಾಕಿಗೆ ಹೇಳಿದರೆ, ಗೊತ್ತು, ಆದರೂ ಟೆಸ್ಟ್ ವರದಿ ಕಳಿಸಿ ಅಂತಾನೆ. ಬಣ್ಣ ಬೇರೆ ಆದರೆ ಬೇರೆ ವರದಿ. ಬಣ್ಣದ ಕಥೆಯಲ್ಲಿ ಅವರು ಹೇಳುವುದು ನ್ಯಾಯ. ಕೆಲವು ಅಜೋ ಬಣ್ಣ ಕ್ಯಾನ್ಸರ್ ತರುವಂಥವು, ಜರ್ಮನಿ 90ರ ದಶಕದಲ್ಲೇ ನಿಲ್ಲಿಸಿತು. ನಮ್ಮಲ್ಲಿ ಅಂಗಡಿಯಲ್ಲಿ ಬಿಡಿ ಬಣ್ಣ ಕೊಳ್ಳುತ್ತಾರೆ, ಡಬ್ಬಿ ಮೇಲೆ ಏನೂ ಬರೆದಿರಲ್ಲ. ಅದನ್ನು ಹಚ್ಚಿ ಯುರೋಪಿಗೆ ಕಳಿಸುತ್ತೇನೆ ಅಂದರೆ ಆಗಲ್ಲ.

ಇಪ್ಪತ್ತು ಜೋಡು ಮಾದರಿಗೆ ಟೆಸ್ಟ್ ಮಾಡಿಸಿದರೆ ಚಪ್ಪಲಿಯ ಲಾಭ ಲ್ಯಾಬಿಗೆ. ಹಾಗಾಗಿ ನಮ್ಮವರು ಹೆಚ್ಚಿನವರು ಮುಂಬೈ ವ್ಯಾಪಾರಿಗೆ ಕೊಟ್ಟು ಸುಮ್ನೆ ಇರುತ್ತಾರೆ. ಅವರು ನೂರು ಮನೆಯ ಮಾಲು ಸೇರಿಸಿ ಒಂದು ವರದಿ ಮಾಡಿಸುತ್ತಾರೆ. ಬೆಲೆಯೂ ಅವರದೇ.

ಇಂಡಿ ಲಿಂಬೆ

ಒಂದು ಸಣ್ಣ ಪ್ರಶ್ನೆ. 2025ರಲ್ಲಿ ನಮ್ಮ ಇಂಡಿ ಲಿಂಬೆಗೆ ಜಿಐ ಬಂತು. ದುಬೈ ಕಡೆ ಮಾಲು ಹೋಯಿತು. ಯುರೋಪಿಗೆ ಯಾಕೆ ಸಲೀಸಾಗಿ ಹೋಗಲ್ಲ? ಜಿಐ ಇದ್ದರೆ ಸಾಲದಾ?

ಪ್ಯಾಕ್‌ಹೌಸ್ ಕಾಕಾ

ಸಾಲದು. ಜಿಐ ಅಂದರೆ ಹೆಸರಿನ ರಕ್ಷಣೆ, ಗಡಿ ದಾಟುವ ಪಾಸ್ ಅಲ್ಲ. ಲಿಂಬೆಗೆ ಅಲ್ಲಿ ಅಡ್ಡ ಬರುವುದು ಔಷಧಿಯ ಅಂಶಕ್ಕಿಂತ ಹೆಚ್ಚಾಗಿ ಕಜ್ಜಿ ರೋಗ. ಕಾಯಿ ಮೇಲೆ ಒರಟು ಚುಕ್ಕೆ ಬೀಳುತ್ತದಲ್ಲ, ಅದೇ. ಸ್ಪೇನ್, ಇಟಲಿಯಲ್ಲಿ ಕಿತ್ತಳೆ, ನಿಂಬೆ ತೋಟಗಳಿವೆ. ಆ ರೋಗ ಅಲ್ಲಿ ಇಲ್ಲ, ಬಂದರೆ ಅವರ ತೋಟ ಹಾಳು. ಕಾಗ್ಜಿ ಲಿಂಬೆಗೆ ಅದು ಬೇಗ ಹತ್ತುತ್ತದೆ. ಕೊಲ್ಲಿ ದೇಶಗಳಲ್ಲಿ ಕಾಯಲು ಅಷ್ಟು ತೋಟ ಇಲ್ಲ, ಹಾಗಾಗಿ ಅಷ್ಟು ಬಿಗಿ ಇಲ್ಲ.

2014ರಲ್ಲಿ ಮಾವಿಗೂ ಇದೇ ಆಯಿತು. ಹಣ್ಣುನೊಣ ಸಿಕ್ಕಿತು ಅಂತ ಯುರೋಪ್ ಮೇ 1ರಿಂದ ಆಪೂಸ್ ಸೇರಿ ಎಲ್ಲ ಮಾವನ್ನೂ, ಜೊತೆಗೆ ಬದನೆ, ಹಾಗಲ, ಪಡವಲ, ಕೆಸುವನ್ನೂ ನಿಲ್ಲಿಸಿತು. ಪ್ಯಾಕ್‌ಹೌಸ್ ತಪಾಸಣೆ, ಬಿಸಿ ಉಪಚಾರ ಬಿಗಿ ಮಾಡಿದ ಮೇಲೆ 2015ರ ಜನವರಿಯಲ್ಲಿ ಮಾವಿಗೆ ಬಾಗಿಲು ತೆಗೆಯಿತು. ಇದನ್ನು ಬೇಲಿ ಅನ್ನೋದಾ? ನೊಣ ಇದ್ದದ್ದಂತೂ ನಿಜ.

ಅಟ್ಲಾಂಟಾದಿಂದ ಗೋಕಾಕ ಹುಡುಗ

ಮಾವಿನ ವಿಷಯ ಬಂತು, ಅದಕ್ಕೆ ಹೇಳುತ್ತೇನೆ. ಅಮೆರಿಕಕ್ಕೆ ಬರುವ ನಮ್ಮ ಮಾವಿಗೆ ವಿಕಿರಣ ಕೊಡಲೇಬೇಕು, ಅದೂ ಅಮೆರಿಕದ ಅಧಿಕಾರಿಯ ಮೇಲ್ವಿಚಾರಣೆಯಲ್ಲಿ. ಕೊರೊನಾ ಕಾಲದಲ್ಲಿ ಆ ಅಧಿಕಾರಿಗಳು ಭಾರತಕ್ಕೆ ಬರಲಿಲ್ಲ, ಹಾಗಾಗಿ ಎರಡು ಸೀಸನ್ ಮಾವೇ ಬರಲಿಲ್ಲ. ಹಣ್ಣು ಇತ್ತು, ಗಿರಾಕಿ ಇದ್ದ, ಸಹಿ ಮಾಡುವವ ಇರಲಿಲ್ಲ.

2025ರ ಮೇನಲ್ಲಿ ಇನ್ನೂ ಚೆಂದ. ಮುಂಬೈನಲ್ಲಿ ವಿಕಿರಣ ಕೊಟ್ಟು ವಿಮಾನ ಹತ್ತಿಸಿದ 15 ಮಾವಿನ ಕನ್ಸೈನ್‌ಮೆಂಟ್ ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ನಮ್ಮ ಅಟ್ಲಾಂಟಾದಲ್ಲಿ ತಿರಸ್ಕಾರ ಆದವು. ಹಣ್ಣಿನಲ್ಲಿ ಹುಳ ಇರಲಿಲ್ಲ. ವಿಕಿರಣದ ದಾಖಲೆಯ ಫಾರ್ಮ್ ಸರಿ ಇಲ್ಲ ಅಂದರು. ವಾಪಸ್ ಒಯ್ಯಿರಿ, ಇಲ್ಲ ಇಲ್ಲೇ ನಾಶ ಮಾಡಿ ಅಂದರು. ಹಣ್ಣು ವಾಪಸ್ ಒಯ್ಯುವ ಖರ್ಚು ಯಾರಿಗೆ ಬೇಕು, ನಾಶ ಮಾಡಿದರು. ನಷ್ಟ ಸುಮಾರು 5 ಲಕ್ಷ ಡಾಲರ್ ಅಂತ ವರದಿ ಬಂತು.

ಕೊಲ್ಹಾರ ಉಳ್ಳಾಗಡ್ಡಿ

ಎಲ್ಲರೂ ಯುರೋಪ್, ಅಮೆರಿಕ ಅಂತ ಬೈಯುತ್ತಿದ್ದೀರಿ. ನಮ್ಮ ಉಳ್ಳಾಗಡ್ಡಿಗೆ ಬೇಲಿ ಹಾಕಿದವರು ಯಾರು ಅಂತ ಯಾರಾದರೂ ಹೇಳುತ್ತೀರಾ?

2023ರ ಆಗಸ್ಟ್‌ನಲ್ಲಿ ರಫ್ತಿನ ಮೇಲೆ ಶೇ 40 ಸುಂಕ. ಅಕ್ಟೋಬರ್ ಕೊನೆಗೆ ಟನ್‌ಗೆ 800 ಡಾಲರ್‌ಗಿಂತ ಕಡಿಮೆಗೆ ಮಾರಬೇಡಿ ಅಂತ ಕನಿಷ್ಠ ಬೆಲೆ. ಡಿಸೆಂಬರ್ 8ಕ್ಕೆ ರಫ್ತೇ ಬಂದ್. 2024ರ ಮೇ 4ಕ್ಕೆ ಬಾಗಿಲು ತೆಗೆದರು, ಆಗಲೂ 550 ಡಾಲರ್ ಕನಿಷ್ಠ ಬೆಲೆ, ಶೇ 40 ಸುಂಕ. ಕನಿಷ್ಠ ಬೆಲೆ ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಸುಂಕ ಪೂರ್ತಿ ಹೋಗಿದ್ದು 2025ರ ಏಪ್ರಿಲ್ 1ಕ್ಕೆ. ಇದೆಲ್ಲ ದಿಲ್ಲಿಯ ಆದೇಶ, ಬ್ರಸೆಲ್ಸ್‌ನದಲ್ಲ. ಸಂಜೆ ಆದೇಶ ಬರುತ್ತದೆ, ಬೆಳಗ್ಗೆ ಎಪಿಎಂಸಿಯಲ್ಲಿ ದರ ಬಿದ್ದಿರುತ್ತದೆ. ಯುರೋಪಿನವರು ಪುಣ್ಯಾತ್ಮರು, ತಿಂಗಳುಗಟ್ಟಲೆ ಮೊದಲೇ ನೋಟಿಸ್ ಕೊಡುತ್ತಾರೆ.

ಬೆಂಗಳೂರಿನವರಿಗೆ ಉಳ್ಳಾಗಡ್ಡಿ ಸಸ್ತಾ ಸಿಗಲಿ ಅಂತ ಮಾಡಿದ್ದು, ಗೊತ್ತು. ಅದರ ಬಿಲ್ ಕೊಲ್ಹಾರಕ್ಕೆ ಯಾಕೆ?

ಎಕನಾಮಿಕ್ಸ್ ಮೇಡಂ, ಬೆಳಗಾವಿ

ನಿಮ್ಮ ಮಾತಿಗೆ ಎದುರು ಹೇಳಲು ನನ್ನಲ್ಲಿ ಏನೂ ಇಲ್ಲ. ಮೇಲೆ ಹೇಳಿದ 16 ಅಧ್ಯಾಯದಲ್ಲಿ ಕೊನೆಯದು ರಫ್ತಿಗೆ ತನ್ನ ದೇಶವೇ ಹಾಕುವ ತಡೆಯದ್ದೇ. ಸಕ್ಕರೆಗೂ 2022ರ ಜೂನ್‌ನಿಂದ ಹೀಗೇ ನಡೆಯುತ್ತಿದೆ. ಕಾರ್ಖಾನೆಗೆ ಎಷ್ಟು ಕೋಟಾ ಅಂತ ದಿಲ್ಲಿಯಲ್ಲಿ ನಿರ್ಧಾರ, ಕಬ್ಬಿನ ಬಾಕಿಗೆ ಕಾಯುವವರು ನಮ್ಮ ಜಿಲ್ಲೆಯವರು.

ನೋಟಿಸ್ ವಿಷಯ ಬಂತಲ್ಲ, ಒಂದು ಉಪಯೋಗದ ಮಾತು. ಯಾವ ದೇಶ ಹೊಸ ಮಿತಿ ತರುತ್ತಿದ್ದರೂ ಕರಡನ್ನು ಡಬ್ಲ್ಯುಟಿಒಗೆ ತಿಳಿಸಬೇಕು. ಆಕ್ಷೇಪಕ್ಕೆ ಸಾಮಾನ್ಯವಾಗಿ 60 ದಿನ ಇರುತ್ತದೆ. ಇ–ಪಿಂಗ್ ಅನ್ನೋ ಉಚಿತ ವ್ಯವಸ್ಥೆ ಇದೆ, ದ್ರಾಕ್ಷಿ ಅಂತ ಆರಿಸಿ ಇಮೇಲ್ ಕೊಟ್ಟರೆ ಹೊಸ ಕರಡು ಬಂದಾಗಲೆಲ್ಲ ಮೇಲ್ ಬರುತ್ತದೆ. ಬೆಳೆಗಾರರ ಸಂಘದಲ್ಲಿ ಒಬ್ಬರು ನೋಡಿದರೆ ಸಾಕು.

ಉದ್ಯಮಬಾಗ್ ಎರಕ

ಮೇಲ್ ಬರುತ್ತದೆ ಮೇಡಂ, ಓದಿ ಆಕ್ಷೇಪ ಬರೆಯುವವರು ಯಾರು? 60 ದಿನದಲ್ಲಿ ವಿಜ್ಞಾನದ ದತ್ತಾಂಶ ಎಲ್ಲಿಂದ ತರೋದು?

ಪ್ಯಾಕ್‌ಹೌಸ್ ಕಾಕಾ

ಅಲ್ಲೇ ಇದೆ ಕಗ್ಗಂಟು. ಯುರೋಪಿನಲ್ಲಿ ಬಳಸದ ಔಷಧಿಗೂ "ಹೊರಗಿನ ಹಣ್ಣಿನಲ್ಲಿ ಇಷ್ಟಿರಲಿ ಬಿಡಿ" ಅಂತ ಅರ್ಜಿ ಹಾಕಬಹುದು. ಆದರೆ ಹೊಲದ ಪ್ರಯೋಗ, ವಿಷದ ಅಧ್ಯಯನ ಎಲ್ಲ ಜೋಡಿಸಬೇಕು. ಭಾರಿ ಖರ್ಚು. ಸಾಮಾನ್ಯವಾಗಿ ಔಷಧಿ ಕಂಪನಿಯೇ ಹಾಕುತ್ತದೆ. ಪೇಟೆಂಟ್ ಮುಗಿದ ಹಳೆ ಔಷಧಿಯನ್ನು ಹತ್ತಾರು ಕಂಪನಿ ಮಾಡುತ್ತವೆ, ಒಬ್ಬ ಖರ್ಚು ಮಾಡಿದರೆ ಎಲ್ಲರಿಗೂ ಲಾಭ. ಹಾಗಾಗಿ ಯಾರೂ ಹಾಕಲ್ಲ. ನಮ್ಮ ರೈತ ಬಳಸುವುದು ಇಂಥ ಸಸ್ತಾ ಹಳೆ ಔಷಧಿಗಳನ್ನೇ.

ಇದರ ಮೇಲೆ ಸೂಪರ್ ಮಾರ್ಕೆಟ್‌ನವರ ಖಾಸಗಿ ನಿಯಮ ಬೇರೆ. ಗ್ಲೋಬಲ್ ಗ್ಯಾಪ್ ಅನ್ನೋ ಒಳ್ಳೆ ಬೇಸಾಯದ ಪ್ರಮಾಣಪತ್ರ ಇಲ್ಲದೆ ದೊಡ್ಡ ಅಂಗಡಿಗಳು ಮಾಲು ಮುಟ್ಟಲ್ಲ. ಅದನ್ನು ಯಾವ ಸರ್ಕಾರವೂ ಕೇಳಿಲ್ಲ, ಹಾಗಾಗಿ ದೂರು ಕೊಡಲು ಕಟ್ಟೆಯೂ ಇಲ್ಲ.

ನವನಗರದ ಗೃಹಿಣಿ

ನಾನು ಬಾಗಲಕೋಟೆಯವಳು, ರಫ್ತು ಗಿಫ್ತು ಏನೂ ಗೊತ್ತಿಲ್ಲ. ಒಂದು ಮಾತು ಕೇಳಲಾ? ಅಲ್ಲಿ ಫೇಲ್ ಆದ ಹಣ್ಣು ಎಲ್ಲಿಗೆ ಹೋಗುತ್ತದೆ? ನಮ್ಮ ಸಂತೆಗೇ ಬರುತ್ತದೆ ಅಲ್ವಾ? ಅವರ ಮಕ್ಕಳ ಮಿದುಳಿಗೆ ಬೇಡವಾದದ್ದು ನಮ್ಮ ಮಕ್ಕಳಿಗೆ ಪರವಾಗಿಲ್ವಾ? ಇಷ್ಟು ಹೊತ್ತು ಎಲ್ಲರೂ ಬೇಲಿ ಬೇಲಿ ಅಂತ ಬರೆದಿರಿ. ಇದನ್ನು ಒಬ್ಬರೂ ಕೇಳಲಿಲ್ಲ.

ಜಮಖಂಡಿ ಖಡಕ್

ಅಕ್ಕಾ, ಇದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ.

ಪ್ಯಾಕ್‌ಹೌಸ್ ಕಾಕಾ

ತಂಗೀ, ನೀವು ಕೇಳಿದ್ದೇ ಮುಖ್ಯ. 2003ರಲ್ಲಿ ನೆದರ್ಲೆಂಡ್ಸ್‌ನಲ್ಲಿ ನಮ್ಮ ದ್ರಾಕ್ಷಿ ಸಿಕ್ಕಿಬಿದ್ದ ಮೇಲೆ ಪ್ಲಾಟ್‌ಗೆ ನಂಬರ್ ಕೊಟ್ಟು ಕೊಯ್ಲಿಗೆ ಮೊದಲೇ ಪರೀಕ್ಷೆ ಮಾಡುವ ಪದ್ಧತಿ ಬಂತು. 2006ರಲ್ಲಿ ಕೇಂದ್ರದ ಕೃಷಿ ರಫ್ತು ಸಂಸ್ಥೆ ಅಪೆಡಾದವರು ಅದನ್ನು ಗ್ರೇಪ್‌ನೆಟ್ ಅಂತ ಕಂಪ್ಯೂಟರಿಗೆ ತಂದರು. ಇವತ್ತು ಯುರೋಪಿಗೆ ಹೋಗುವ ಒಂದು ಪೆಟ್ಟಿಗೆ ಹಿಡಿದು ಯಾವ ಊರ ಯಾವ ತೋಟದ್ದು ಅಂತ ಹೇಳಬಹುದು. ವಿಜಯಪುರದ ಗಾಂಧಿ ಚೌಕದಲ್ಲಿ ಗಾಡಿ ಮೇಲಿನ ದ್ರಾಕ್ಷಿಗೆ ಅದು ಹೇಳಲು ಆಗಲ್ಲ. ಅವರ ಕಿರಿಕಿರಿಯಿಂದ ಅವರ ಹಣ್ಣು ಸುಧಾರಿಸಿತು. ನಮ್ಮ ಗಿರಾಕಿ ಕಿರಿಕಿರಿ ಮಾಡಲೇ ಇಲ್ಲ.

ಈಗ ತಿಕೋಟಾದ ತಮ್ಮನ ಕಡೆ ಬರುತ್ತೇನೆ. ಫೇಲ್ ಆದ ಪ್ಲಾಟ್‌ಗೆ ಮತ್ತೆ ಸ್ಯಾಂಪಲ್ ಕೊಡಲು ದಾರಿ ಇದೆ, ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಮುಂದಿನ ಹಂಗಾಮಿಗೆ ಬದುವಿನ ಎರಡು ಸಾಲನ್ನು ರಫ್ತಿನ ಪ್ಲಾಟ್‌ನಿಂದ ಹೊರಗೆ ಬಿಟ್ಟು ನೋಂದಣಿ ಮಾಡಿಸಿ. ಆ ಸಾಲು ಬೇಕಾದರೆ ಒಣದ್ರಾಕ್ಷಿಗೆ ಹೋಗಲಿ, ಅದಕ್ಕೂ ತಂಗಿ ಕೇಳಿದ ಪ್ರಶ್ನೆ ಇದ್ದೇ ಇದೆ, ನೋಡಿಕೊಳ್ಳಿ. ಔಷಧಿ ಹೊಡೆದ ದಿನ, ಹೆಸರು, ಪ್ರಮಾಣ ಬರೆದಿಡಿ. ಲ್ಯಾಬ್ ಫೀ ಯಾರು ಕೊಡುತ್ತಾರೆ, ಫೇಲ್ ಆದರೆ ಯಾರ ತಲೆಗೆ ಅಂತ ರಫ್ತುದಾರರಿಂದ ಮೊದಲೇ ಬರೆಸಿಕೊಳ್ಳಿ. ಅಕ್ಟೋಬರ್ ಚಾಟ್ನಿಗೆ ಮೊದಲು ಗೋವಿನಜೋಳದವರ ಜೊತೆ ಕೂತು ಮಾತಾಡಿ.

ತಿಕೋಟಾ ಬಳ್ಳಿ

ಕಾಕಾ, ಮೇಡಂ, ಎಲ್ಲರಿಗೂ ಧನ್ಯವಾದ. ಗೋವಿನಜೋಳದ ಅಣ್ಣನ ಜೊತೆ ಇವತ್ತೇ ಮಾತಾಡಿದೆ. ಸೈನಿಕ ಹುಳಕ್ಕೆ ಹೊಡೆದದ್ದಂತೆ. ನೀನು ಬೇರೆ ಔಷಧಿ ತಂದುಕೊಟ್ಟರೆ ಅದನ್ನೇ ಹೊಡೆಯುತ್ತೇನೆ, ನನ್ನ ಕೈಯಿಂದ ಜಾಸ್ತಿ ದುಡ್ಡು ಹಾಕಲ್ಲ ಅಂದ. ಅವನ ಮಾತೂ ನ್ಯಾಯವೇ. ಅಂದರೆ ನನ್ನ ದ್ರಾಕ್ಷಿ ಲಂಡನ್‌ಗೆ ಹೋಗಬೇಕಾದರೆ ಅವನ ಜೋಳದ ಔಷಧಿಯ ಬಿಲ್ಲೂ ನಾನೇ ಕೊಡಬೇಕು. ಅಂಗಡಿಯವನು ಎಮಾಮೆಕ್ಟಿನ್ ಅಂತ ಹೇಳಿದ್ದಾನೆ. ತರಲಾ?

ಪ್ಯಾಕ್‌ಹೌಸ್ ಕಾಕಾ

ಸೈನಿಕ ಹುಳಕ್ಕೆ ಅದು ನಡೆಯುತ್ತದೆ. ಆದರೆ ದ್ರಾಕ್ಷಿಯಲ್ಲಿ ಅದಕ್ಕೂ ಒಂದು ಮಿತಿ ಇದೆ. ಈ ವರ್ಷದ ಪಟ್ಟಿ ತೆಗೆದು ನೋಡಿ, ಆಮೇಲೆ ದುಡ್ಡು ಕೊಡಿ.